ತಲೆಕೆಳಗಾದ ತೋಳು

ಬಚ್ಚಲುಮನೆಯ ಚಿಲಕವನ್ನು ಸದ್ದಾಗದಂತೆ ಹಾಕುವುದನ್ನು ಅವಳು ಕಲಿತಿದ್ದಳು. ಆದರೂ ಕೊನೆಯಲ್ಲೊಂದು ಸಣ್ಣ ಟಕ್ ಉಳಿದೇಬಿಡುತ್ತಿತ್ತು. ಆ ಸರಿರಾತ್ರಿಯಲ್ಲೂ ಅದು ಅತ್ತೆಯ ಕಿವಿಗೆ ಬಿತ್ತು.

"ಮತ್ತೆ ಹೋದ್ಯಾ? ಹೊಟ್ಟೆ ಸರಿಯಿಲ್ವೇನೇ?"

"ಏನಿಲ್ಲ ಅತ್ತೆ, ನೀವು ಮಲ್ಕೊಳ್ಳಿ."

"ನಾನು ಮಲ್ಗೋದಿರ್ಲಿ. ದಿನಾ ಅಷ್ಟು ಹೊತ್ತು ಒಳಗೇನ್ ಮಾಡ್ತೀಯ, ಕಾವಿಗೆ ಕೂತಿದ್ದೀಯಾ?"

ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದವಳಿಗೆ ನಗು ಬಂತು. ಎರಡು ಕೋಣೆಯ ಆ ಮನೆಯಲ್ಲಿ ಒಳಗಿನಿಂದ ಚಿಲಕವಿದ್ದ ಜಾಗ ಇದೊಂದೇ. ಗಂಡ ರಾತ್ರಿ ಪಾಳಿಗೆ ಹೋಗಿ, ಮಗಳು ನಿದ್ದೆಹೋದ ಮೇಲೆ, ಮರುದಿನದ ಕೆಲಸವನ್ನು ಒಮ್ಮೆಯಾದರೂ ಪೂರ್ತಿ ಯೋಚಿಸಲು ಅವಳು ಇಲ್ಲಿಗೆ ಬರುತ್ತಿದ್ದಳು.

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳದು ಗುರುತು ಹಾಕುವ ಕೆಲಸ. ಕೋಟಿನ ಬೆನ್ನು, ಎದೆ, ತೋಳುಗಳ ರಟ್ಟಿನ ಅಚ್ಚುಗಳನ್ನು ಬಟ್ಟೆ ದಂಡವಾಗದಂತೆ ಉದ್ದನೆಯ ಕಾಗದದ ಮೇಲೆ ಹೊಂದಿಸಿ ಸುತ್ತ ಗೆರೆ ಎಳೆಯಬೇಕು. ಪದರ ಪದರವಾಗಿ ಹಾಸಿದ ಬಟ್ಟೆಯ ಮೇಲೆ ಆ ಕಾಗದವನ್ನಿಟ್ಟು ಕಟಿಂಗ್ ಮಾಸ್ತರು ಯಂತ್ರ ಹಾಯಿಸುತ್ತಾರೆ. ಹಾಯಿಸಿದರೆ ಮುಗಿಯಿತು, ಆಮೇಲೆ ತಿದ್ದಲಾಗದು.

ಈ ಸಲ ಬಂದಿದ್ದು ಮಖಮಲ್. ಅದರ ನವಿರು ಎಳೆಗಳೆಲ್ಲ ಒಂದೇ ಕಡೆಗೆ ವಾಲಿರುತ್ತವೆ. ಒಂದು ತುಂಡು ತಲೆಕೆಳಗಾದರೂ ಹೊಲಿದ ಮೇಲೆ ಅದರ ಬಣ್ಣ ಬೇರೆಯೇ ಕಾಣುತ್ತದೆ. ಹಗಲೆಲ್ಲ ಅವಳು ಹೊಂದಿಸುತ್ತಲೇ ಇದ್ದಳು, ನಡುನಡುವೆ ಕೆಲಸದವರು ಬಂದು ಕರೆಯುತ್ತಲೇ ಇದ್ದರು. "ಮೇಡಂ, ಒಂದ್ನಿಮಿಷ, ದಾರದ ಬೀರು ಬೀಗದ ಕೈ." "ಅಕ್ಕಾ, ಒಂದೇ ಒಂದ್ನಿಮಿಷ, ನಾಳೆ ರಜ ಬೇಕಿತ್ತು." ಪ್ರತಿ ಸಲವೂ ಪೆನ್ಸಿಲ್ ಕೆಳಗಿಟ್ಟು ಎದ್ದಿದ್ದಳು. ಈಗ ಕಣ್ಣು ಮುಚ್ಚಿ, ಕಾಗದವನ್ನು ಅಂಚಿನಿಂದ ನೆನೆಯುತ್ತ ಬಂದವಳು ತಟ್ಟನೆ ಕಣ್ಣು ತೆರೆದಳು. ಜಾಗ ಹೊಂದುತ್ತದೆಯೇ ನೋಡಲೆಂದು ಎಡತೋಳನ್ನು ತಿರುಗಿಸಿಟ್ಟಿದ್ದಳು. ಅಷ್ಟರಲ್ಲಿ ಯಾರೋ ಕರೆದರು. ವಾಪಸು ಬಂದವಳು ಹಾಗೆಯೇ ಅದರ ಸುತ್ತ ಗೆರೆ ಎಳೆದುಬಿಟ್ಟಿದ್ದಳು.

ಮಾಸ್ತರು ಬರುವ ಮೊದಲು ಯಾರೂ ಕರೆಯದ ಒಂದು ಗಂಟೆ ಸಿಕ್ಕರೆ ಸಾಕು, ಎಲ್ಲವನ್ನೂ ಹೊಸದಾಗಿ ಬರೆಯಬಹುದು.

ಬೆಳಕು ಹರಿಯುವ ಮೊದಲೇ ಹೊರಟಳು. ಕಾವಲುಗಾರನಿಂದ ಬೀಗದ ಕೈ ಪಡೆದು, ಬಾಗಿಲು ಹಾಕಿಕೊಂಡು, ಹೊಸ ಕಾಗದ ಹಾಸಿದಳು. ಯಂತ್ರಗಳೆಲ್ಲ ಸುಮ್ಮನಿದ್ದವು. ಪೆನ್ಸಿಲ್ ಓಡುವ ಸದ್ದು ಅವಳಿಗೇ ಕೇಳಿಸುತ್ತಿತ್ತು. ಬೆನ್ನು, ಎದೆ, ಕಾಲರು ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಒಂದು ಯೋಚನೆಯ ಬೆನ್ನುಹತ್ತಿ ಅದರ ತುದಿಯವರೆಗೆ ಹೋಗಿ ಎಷ್ಟು ಕಾಲವಾಗಿತ್ತೋ.

ಚೀಲದಲ್ಲಿ ಫೋನು ಹೊಡೆದುಕೊಂಡಿತು. ಮನೆಯ ಕರೆಗೆಂದೇ ಇಟ್ಟಿದ್ದ ಸದ್ದು. ಲೈಟರ್ ಎಲ್ಲಿಟ್ಟಿದ್ದೀಯ ಎಂದು ಕೇಳಲಿಕ್ಕಿರಬೇಕು, ಅತ್ತೆಯ ಕರೆಗಳೆಲ್ಲ ಅಂಥವೇ. ಕೈಯಲ್ಲಿ ತೋಳಿನ ಅಚ್ಚಿತ್ತು. ಬಿಟ್ಟೆದ್ದರೆ ನಿನ್ನೆಯದೇ ಕತೆ. ಫೋನು ನಿಂತಿತು, ಮತ್ತೆ ಹೊಡೆದುಕೊಂಡಿತು. ಅವಳು ಚೀಲವನ್ನು ಎತ್ತಿಕೊಂಡು ಹೋಗಿ ಚಿಂದಿಯ ಮೂಟೆಯಡಿ ತುರುಕಿ ಬಂದಳು.

ಮಾಸ್ತರು ಬಂದು ಕಾಗದದ ಮೇಲೆ ಕಣ್ಣಾಡಿಸಿದರು. "ಏನ್ ತಾಯಿ, ರಾತ್ರಿಯೆಲ್ಲ ಇಲ್ಲೇ ಗೂಡು ಕಟ್ಕೊಂಡಿದ್ರಾ? ಒಂದು ಬೆರಳಿಡೋಷ್ಟೂ ಜಾಗ ದಂಡ ಮಾಡಿಲ್ವಲ್ಲ!"

ಯಂತ್ರ ಶುರುವಾದ ಮೇಲೆ ಫೋನು ತೆಗೆದು ನೋಡಿದಳು. ಅತ್ತೆಯ ಕರೆಗಳು ಸಾಲಾಗಿ ನಿಂತಿದ್ದವು. ಅಲ್ಲೇ ನಿಂತು ವಾಪಸು ಕರೆ ಮಾಡಿದಳು.

"ಎಲ್ಲಿ ಸತ್ತಿದ್ಯೇ?" ಅತ್ತೆ ಕೂಗಿದರು. "ಮಗೂಗೆ ಉಬ್ಬಸ ಬಂತು. ಆ ಬಾಯಿಗೆ ಹೊಡೆಯೋ ಔಷಧಿ ಇಡೋ ಕಡೆ ಇಲ್ಲ. ತುಟಿ ನೀಲಿಗಟ್ಟಿತ್ತು ಕಣೇ! ಕೊನೆಗೆ ಅದೇ ಕೈ ಮಾಡಿ ತೋರಿಸ್ತು, ಸ್ಕೂಲ್ ಬ್ಯಾಗಲ್ಲಿ."

ಅದನ್ನು ಬ್ಯಾಗಿಗೆ ಹಾಕಿದ್ದು ತಾನೇ.

"ಈಗ, ಈಗ ಹೇಗಿದ್ದಾಳೆ?"

"ಕೂತ್ಕೊಂಡು ಟೀವಿ ನೋಡ್ತಿದ್ದಾಳೆ, ಏನೂ ಆಗ್ದೇ ಇರೋರ ಥರ. ನನ್ನ ಜೀವ ಹೋಗಿ ಬಂತು. ಫೋನ್ ಯಾಕೆ ಎತ್ಲಿಲ್ಲ?"

"ಮೆಷಿನ್ ಸದ್ದು ಅತ್ತೆ. ಕೇಳಿಸ್ಲಿಲ್ಲ."

"ಹೌದು, ನಂಗೂ ಕೇಳಿಸ್ತಿದೆ. ಏನು ಗದ್ದಲವೇ ಅದು. ಪಾಪ, ನೀನಾದ್ರೂ ಏನ್ ಮಾಡ್ತೀಯ."

ಮೇಜಿನ ಮೇಲೆ ತೋಳುಗಳು ತಪ್ಪಿಲ್ಲದೆ ಕತ್ತರಿಸಿಕೊಂಡು ಬರುತ್ತಿದ್ದವು. ಗಂಡನಿಗೆ ಹೇಳಿದರೆ ಬೈದು ಮರೆತಾನು. ಆದರೆ ಫೋನು ಕೇಳಿಸಿತ್ತು ಎಂದು ಶುರುಮಾಡಿದರೆ ಅಲ್ಲಿಗೇ ನಿಲ್ಲಿಸಲಾಗದು. ಚೀಲವನ್ನು ಮೂಟೆಯಡಿ ಒತ್ತಿ ಬಂದ ಮೇಲೆ ತನಗೆ ಎಷ್ಟು ಹಾಯೆನಿಸಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ.

ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು.