ಕುರ್ಚಿಯಲ್ಲಿ ಕೂತವಳು

ಆ ಕಾಲೇಜಿನ ಫುಟ್‌ಬಾಲ್ ಮೈದಾನದ ನಟ್ಟನಡುವೆ ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ ಇರುತ್ತಿತ್ತು. ಹುಡುಗಿಯರು ಅದನ್ನು ಸಿಂಹಾಸನ ಅನ್ನುತ್ತಿದ್ದರು. ಕತೆಗಳಲ್ಲಿ ಸಿಂಹಾಸನ ಏರಿದವಳಿಗೆ ಚಾಮರ ಬೀಸುತ್ತಾರೆ. ಇದನ್ನು ಏರಿದವಳಿಗೆ ಹಿಡಿಶಾಪ ಬೀಳುತ್ತಿತ್ತು. ಯಾಕೆಂದರೆ ತಪ್ಪು ಮಾಡಿದವಳನ್ನು ಕೋಚ್ ಮೇಡಂ ಓಡಿಸುತ್ತಿರಲಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮಿಕ್ಕವರನ್ನೆಲ್ಲ ಮೈದಾನದ ಸುತ್ತ ಇಪ್ಪತ್ತು ಸುತ್ತು ಓಡಿಸುತ್ತಿದ್ದರು.

ತಾವು ನೋಡುತ್ತಲೂ ಇರಲಿಲ್ಲ. ಮೈದಾನಕ್ಕೆ ಬೆನ್ನು ಹಾಕಿ, ಬೇಲಿ ಪಕ್ಕದ ಮರದ ನೆರಳಲ್ಲಿ ನಿಂತು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಸುತ್ತು ಎಣಿಸುವುದು ಕೂತವಳ ಕೆಲಸ. ಇಪ್ಪತ್ತು ತುಂಬಿದಾಗ ಅವಳು ‘ಮುಗೀತು’ ಅಂತ ಕೂಗಬೇಕು. ಅದಕ್ಕೆ ಮುಂಚೆ ಬೇರೆ ಮಾತಿಗೆ ಬಾಯಿ ತೆರೆದರೂ, ಕುರ್ಚಿ ಬಿಟ್ಟು ಎದ್ದರೂ, ಎಲ್ಲರೂ ಮತ್ತೆ ಒಂದರಿಂದ ಶುರು.

“ಪೊಲೀಸ್ ಕೆಲಸ ನಂದಲ್ಲ,” ಅನ್ನುತ್ತಿದ್ದರು ಮೇಡಂ. “ನಿಮ್ಮ ತಪ್ಪಿಗೂ ನೀವೇ ಜವಾಬ್ದಾರಿ, ನಿಮ್ಮ ಲೆಕ್ಕಕ್ಕೂ ನೀವೇ ಜವಾಬ್ದಾರಿ. ಶಿಸ್ತು ಅಂದ್ರೆ ಇದು.”

ಬೆನ್ನ ಹಿಂದೆ ಹುಡುಗಿಯರು ಅವರನ್ನು ಮಲತಾಯಿ ಎಂದು ಕರೆಯುತ್ತಿದ್ದರು. ಆದರೆ ಕತೆಯ ಮಲತಾಯಿಯರಿಗೆ ಕೊನೆಗೆ ತಕ್ಕ ಶಾಸ್ತಿ ಆಗುತ್ತದೆ, ಇವರಿಗೆ ಹೋದ ವರ್ಷ ಕಪ್ ಬಂತು. ಕಾಲೇಜಿನವರು ಶಾಲು ಹೊದಿಸಿ, ಕುರ್ಚಿಯ ಪದ್ಧತಿಯನ್ನು ಭಾಷಣದಲ್ಲಿ ಹಾಡಿ ಹೊಗಳಿದರು.

ಬಲ ಅಂಚಿನಲ್ಲಿ ಆಡುತ್ತಿದ್ದ ಕುಳ್ಳಿ ಈ ತಂಡಕ್ಕೆ ಹೊಸಬಳು. ಚೋಟುದ್ದ ಹುಡುಗಿ, ಚೆಂಡು ಸಿಕ್ಕರೆ ಗಾಳಿ. ತಂಡದಲ್ಲಿ ಇರುವ ತನಕ ಅವಳಿಗೆ ಹಾಸ್ಟೆಲೂ ಬಿಟ್ಟಿ, ಓದೂ ಬಿಟ್ಟಿ. ಹೊರಟ ದಿನ ಅತ್ತಿಗೆ ಬಾಗಿಲಲ್ಲಿ ನಿಂತು, “ಅಲ್ಲಿಂದ ಆಚೆ ಹಾಕಿದ್ರೆ ಅಳ್ತಾ ಕೂರಬೇಡಮ್ಮಾ, ಇಸ್ತ್ರಿ ಅಂಗಡಿಗೆ ಒಂದು ಕೈ ಯಾವಾಗ್ಲೂ ಬೇಕು” ಎಂದಿದ್ದಳು. ಅಣ್ಣ ಇಸ್ತ್ರಿ ಪೆಟ್ಟಿಗೆಯಲ್ಲಿ ಕೆಂಡ ಕೆದಕುತ್ತಲೇ ಇದ್ದ. ಕುಳ್ಳಿಯ ಮೊಣಕೈವರೆಗೆ ಆ ಪೆಟ್ಟಿಗೆಯ ಸುಟ್ಟ ಗೆರೆಗಳಿದ್ದವು. ವಾಪಸ್ ಹೋಗುವ ಮಾತೇ ಇಲ್ಲ ಎಂದು ಅವಳು ಬಸ್ಸಿನಲ್ಲೇ ತೀರ್ಮಾನಿಸಿದ್ದಳು.

ಮೊದಲ ಸಲ ಅವಳು ಕುರ್ಚಿ ಏರಿದ್ದು ಮೊಣಕಾಲಿನ ಪಟ್ಟಿ ಮರೆತು ಬಂದದ್ದಕ್ಕೆ. ತನಗಾಗಿ ಅಷ್ಟು ಜನ ಏದುಸಿರು ಬಿಡುವುದನ್ನು ನೋಡಲಾಗದೆ, ಅರ್ಧದಲ್ಲಿ ಧಡಕ್ಕನೆ ಎದ್ದು ತಾನೂ ಓಡತೊಡಗಿದಳು.

“ಮೇಡಂ, ಕುಳ್ಳಿ ಎದ್ದಳು!” ಕೂಗಿದ್ದು ಕ್ಯಾಪ್ಟನ್.

ಮೇಡಂ ತಿರುಗಿಯೂ ನೋಡಲಿಲ್ಲ. “ಒಂದರಿಂದ,” ಎಂದರು.

ಆಮೇಲೆ ಹತ್ತಿರ ಕರೆದು ಮೆತ್ತಗೆ ಹೇಳಿದರು: “ನಿನ್ನ ಕರುಣೆ ಯಾರ ಕಾಲಿಗೆ ಬಿತ್ತು, ನೋಡಿದ್ಯಾ? ಇನ್ನೊಂದು ಸಲ ಹೀಗಾದ್ರೆ ನನ್ನ ಹತ್ರ ಬರೋದೇ ಬೇಡ. ಸೀದಾ ಹೋಗಿ ಗಂಟುಮೂಟೆ ಕಟ್ಟು.”

ಆ ರಾತ್ರಿ ಹಾಸ್ಟೆಲ್ಲಿನಲ್ಲಿ ಅವಳ ಹಾಸಿಗೆ ತೊಪ್ಪೆಯಾಗಿತ್ತು. ಕುಡಿಯುವ ನೀರಿಗೆ ಉಪ್ಪು ಬಿದ್ದಿತ್ತು. ಊಟದ ಮೇಜಿನಲ್ಲಿ ಅವಳು ಕೂತ ಬೆಂಚು ಖಾಲಿಯಾಯಿತು. ಬಂದು ಪಕ್ಕದಲ್ಲಿ ಧೊಪ್ಪನೆ ಕೂತವಳು ಒಬ್ಬಳೇ, ಗೋಲ್‌ಕೀಪರ್. ಆನೆಮರಿಯಂಥ ಮೈ, ಎಲ್ಲರ ಬಾಯಲ್ಲೂ ಅವಳು ಗೋಡೆ.

“ಸರ್ಕೊಳ್ಳೇ. ನನ್ನಂಥವಳಿಗೆ ಜಾಗ ಬಿಡೋದು ಸಮಾಜಸೇವೆ ಕಣೇ,” ಎಂದಳು ಗೋಡೆ. “ಅದ್ಯಾಕೆ ಮುಖ ಹರಳೆಣ್ಣೆ ಕುಡಿದ ಹಾಗಿದೆ? ಓಡಿದ್ದು ನಾನು, ನೀನಲ್ಲ.”

“ನನ್ನ ಮೇಲೆ ಸಿಟ್ಟಿಲ್ವಾ?”

“ಇದೆ. ನಿನ್ನ ಪಲ್ಯ ಕೊಡು, ಇಳಿಯುತ್ತೆ.”

ಅವತ್ತಿನಿಂದ ಇಬ್ಬರೂ ಒಂದೇ ಜೀವ.

ಫೈನಲ್ ಪಂದ್ಯ ನಡುಮಧ್ಯಾಹ್ನಕ್ಕೆ ಎಂದು ಗೊತ್ತಾದ ಮೇಲೆ ಮೇಡಂ ಅಭ್ಯಾಸವನ್ನೂ ಮಧ್ಯಾಹ್ನಕ್ಕೇ ಹಾಕಿದರು. ನೆತ್ತಿ ಸುಡುವ ಬಿಸಿಲು, ಹುಲ್ಲೆಲ್ಲ ಒಣಗಿ ಹಪ್ಪಳ. ಆ ದಿನ ಬೆಳಗ್ಗೆ ಗೋಡೆಯ ಮೈ ಬೆಚ್ಚಗಿತ್ತು. “ಜ್ವರ ಇದೆ ಕಣೇ, ಹೇಳಿಬಿಡೋಣ,” ಎಂದಳು ಕುಳ್ಳಿ. “ಹೇಳಿದ್ರೆ ಫೈನಲ್‌ಗೆ ಬೆಂಚು. ಬಾಯಿ ಮುಚ್ಚು,” ಎಂದಳು ಗೋಡೆ.

ಮೈದಾನದಲ್ಲಿ ಮೇಡಂ ಸಾಲಾಗಿ ನಿಲ್ಲಿಸಿ ಶಿಸ್ತಿನ ಮೇಲೆ ಮಾತು ಶುರು ಮಾಡಿದರು. ಗೋಡೆ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು: “ಆ ಫ್ಲಾಸ್ಕಲ್ಲಿರೋದು ಚಹಾ ಅಲ್ಲ ಕಣೇ, ನಮ್ಮ ಬೆವರು. ದಿನಾ ಸೋಸಿ ಕುಡೀತಾರೆ, ಅದಕ್ಕೇ ಒಂದು ಕೂದಲೂ ನರೆತಿಲ್ಲ.”

ಕುಳ್ಳಿ ತಡೆದಳು, ತಡೆದಳು, ಆಮೇಲೆ ಮೂಗಿನಿಂದ ಪುಸಕ್ಕೆಂದು ನಗು ಚಿಮ್ಮಿತು.

“ಯಾರದು?”

ಗೋಡೆ ಕೈ ಎತ್ತಿದಳು. “ನಾನು ನಗಿಸಿದೆ ಮೇಡಂ.”

“ನಗಿಸಿದವಳನ್ನ ಯಾರು ಕೇಳಿದ್ರು? ನಕ್ಕವಳು ಯಾರು?”

ಕುಳ್ಳಿ ಹೋಗಿ ಕುರ್ಚಿಯಲ್ಲಿ ಕೂತಳು. ಪ್ಲಾಸ್ಟಿಕ್ಕು ತೊಡೆಗೆ ಚುರ್ ಎಂದಿತು.

ಹತ್ತು ಸುತ್ತಿನ ತನಕ ಎಲ್ಲ ಸರಿಯಿತ್ತು. ಗೋಡೆ ಎಂದಿನಂತೆ ಎಲ್ಲರಿಗಿಂತ ಹಿಂದೆ, ಕುಳ್ಳಿಯ ಎದುರು ಹಾದಾಗಲೆಲ್ಲ ನಾಲಿಗೆ ಚಾಚಿ ಅಣಕಿಸುತ್ತಿದ್ದಳು. ಆಮೇಲೆ ಅಣಕ ನಿಂತಿತು. ಕಾಲು ಗೆರೆಯ ಒಳಗೊಮ್ಮೆ ಹೊರಗೊಮ್ಮೆ ಬೀಳತೊಡಗಿತು. ಆ ಕಡೆಯ ಗೋಲ್‌ಪೋಸ್ಟಿನ ಹತ್ತಿರ ನಿಂತು ಕಂಬಕ್ಕೆ ಸಲಾಂ ಹೊಡೆದು, ಅದರ ಜೊತೆ ಏನೋ ಮಾತಾಡಿದಳು. ಓಡುತ್ತಿದ್ದವರು ಕಿಸಕ್ಕೆಂದರು. ಕುಳ್ಳಿಯೂ ನಕ್ಕಳು. ಗೋಡೆಯ ಕೋತಿಚೇಷ್ಟೆ ಯಾರಿಗೆ ಗೊತ್ತಿಲ್ಲ?

ಹದಿನಾರನೆಯ ಸುತ್ತಿನಲ್ಲಿ ಗೋಡೆ ಕುರ್ಚಿಯ ಕಡೆಗೇ ಮುಖ ತಿರುಗಿಸಿದಳು. ಆ ಮುಖ ಕಾದ ಹೆಂಚಿನಂತೆ ಕೆಂಪಗಿತ್ತು. ಒಂದು ಹನಿ ಬೆವರಿರಲಿಲ್ಲ. ಕಣ್ಣು ಕುಳ್ಳಿಯ ಮೇಲಿತ್ತು, ಆದರೆ ಅವಳನ್ನು ಕಾಣುತ್ತಿರಲಿಲ್ಲ.

ಇದು ಚೇಷ್ಟೆಯಲ್ಲವೆಂದು ಕುಳ್ಳಿಗೆ ಹೊಳೆಯಿತು. ಕೈ ಕುರ್ಚಿಯ ತೋಳಿನ ಮೇಲೆ ಊರಿತು, ಮೈ ಅರ್ಧ ಎದ್ದಿತು. ಅಷ್ಟರಲ್ಲಿ ಕಿವಿಯಲ್ಲಿ ‘ಒಂದರಿಂದ’ ಎಂಬ ಅವತ್ತಿನ ಧ್ವನಿ. ಕೂಗಿದರೆ ಗೋಡೆಯೂ ಮೊದಲಿನಿಂದ ಇಪ್ಪತ್ತು ಓಡಬೇಕು. ಈ ಸ್ಥಿತಿಯಲ್ಲಿ ಇನ್ನೂ ಇಪ್ಪತ್ತು! ಸುಮ್ಮನಿದ್ದರೆ ಉಳಿದಿರುವುದು ನಾಲ್ಕೇ. ಅವಳು ಲೆಕ್ಕ ಹಾಕಿದ್ದು ಗೋಡೆಗಾಗಿ, ನಿಜ. ಲೆಕ್ಕದ ಅಡಿಯಲ್ಲಿ ಅತ್ತಿಗೆಯ ಬಾಗಿಲೂ, ಕೆಂಡದ ಪೆಟ್ಟಿಗೆಯೂ ಇದ್ದದ್ದು ಅಷ್ಟೇ ನಿಜ. ಅವಳು ಮತ್ತೆ ಕೂತಳು.

ಹದಿನೇಳು. ಮುಂದಿನವರು ಹದಿನೆಂಟು ಮುಗಿಸುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ. “ಮುಗೀತು!” ಎಂದು ಗಂಟಲು ಹರಿಯುವಂತೆ ಕೂಗಿದಳು.

ಯಾರೂ ತಕರಾರು ಎತ್ತಲಿಲ್ಲ. ಬಿಟ್ಟಿ ಸಿಕ್ಕ ಎರಡು ಸುತ್ತು ಯಾರಿಗೆ ಬೇಡ? ಹುಡುಗಿಯರು ಅಲ್ಲಲ್ಲೇ ಕುಸಿದು ಬಾಟಲಿಗೆ ಕೈ ಚಾಚಿದರು. ಮೂಲೆಯ ಧ್ವಜದ ಬಳಿ ಮಣ್ಣಿಗೆ ಮುಖವಿಟ್ಟು ಬಿದ್ದಿದ್ದ ಗೋಡೆಯನ್ನು ಕುಳ್ಳಿ ಹೋಗಿ ಹೊರಳಿಸಿದಾಗಲೇ ಮೇಡಂ ತಿರುಗಿದ್ದು.

ಆಸ್ಪತ್ರೆಯಲ್ಲಿ ಐಸು ಹಚ್ಚಿದರು, ಡ್ರಿಪ್ ಹಾಕಿದರು. ಸಂಜೆಗೆ ಗೋಡೆಯ ಜೀವ ಹೋಯಿತು.

ಮೂರನೆಯ ದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ. ಮೇಜಿನ ಆಚೆ ಪ್ರಿನ್ಸಿಪಾಲರು, ಅವರ ಹಿಂದೆ ಗಾಜಿನ ಬೀರುವಿನಲ್ಲಿ ಹೋದ ವರ್ಷದ ಕಪ್. ಒಂದು ಕಡೆ ಗೋಡೆಯ ಅಪ್ಪ, ಬಸ್ ಓಡಿಸುವ ದಪ್ಪ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು, ಇನ್ನೊಂದು ಕಡೆ ಮೇಡಂ, ಕ್ಯಾಪ್ಟನ್, ಕುಳ್ಳಿ ನಿಂತಿದ್ದರು.

“ನೀವು ಎಲ್ಲಿದ್ರಿ ಮೇಡಂ?” ಎಂದರು ಪ್ರಿನ್ಸಿಪಾಲರು.

“ಬೆನ್ನು ಹಾಕಿ ನಿಂತಿದ್ದೆ ಸರ್. ಅದು ನಮ್ಮ ಪದ್ಧತಿ. ನೀವೇ ಭಾಷಣದಲ್ಲಿ ಮೆಚ್ಚಿದ್ರಲ್ಲ.”

ಪ್ರಿನ್ಸಿಪಾಲರು ಕೆಮ್ಮಿ ನೀರು ಕುಡಿದರು.

“ಎಷ್ಟು ಸುತ್ತು ಓಡಿದ್ರಿ?” ಮೇಡಂ ಕ್ಯಾಪ್ಟನ್ ಕಡೆ ತಿರುಗಿದರು.

“ಹದಿನೆಂಟು ಮೇಡಂ. ನಾವೂ ಎಣಿಸ್ತಿದ್ವಿ.”

“ಕೇಳಿದ್ರಾ ಸರ್?” ಮೇಡಂ ಧ್ವನಿ ಏರಲಿಲ್ಲ, ಇಳಿಯಲಿಲ್ಲ. “ಇಪ್ಪತ್ತಾಗೋ ಮುಂಚೆ ಇವಳು ನಿಲ್ಲಿಸಿದಾಳೆ. ಯಾಕೆ? ಏನೋ ಆಗಿದೆ ಅಂತ ಇವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನ ಕರೀಲಿಲ್ಲ. ಕುರ್ಚಿಗೆ ಹಗ್ಗ ಕಟ್ಟಿರಲಿಲ್ಲ, ಬಾಯಿಗೆ ಬಟ್ಟೆ ತುರುಕಿರಲಿಲ್ಲ. ಹೇಳಮ್ಮ, ಯಾವಾಗ ಗೊತ್ತಾಯ್ತು?”

“ಹದಿನಾರಕ್ಕೆ,” ಎಂದಳು ಕುಳ್ಳಿ. “ಕರೆದ್ರೆ ಮತ್ತೆ ಒಂದರಿಂದ ಓಡಿಸ್ತೀರಿ ಅಂತ...”

“ಸಾಯೋಳನ್ನ ಓಡಿಸ್ತಾರೇನೇ ಯಾರಾದ್ರೂ?” ಕ್ಯಾಪ್ಟನ್ ಸಿಡುಕಿದಳು. ಬಾಗಿಲಲ್ಲಿ ನಿಂತ ಹುಡುಗಿಯರು ತಲೆಯಾಡಿಸಿದರು. ಗೋಡೆಯನ್ನು ದಾಟಿಕೊಂಡು ಓಡಿದವರು ಅವರೆಲ್ಲ. ತಪ್ಪು ಒಬ್ಬಳ ಹತ್ತಿರ ಇರುವುದು ಎಲ್ಲರಿಗೂ ಹಗುರವಾಗಿತ್ತು.

ಗೋಡೆಯ ಅಪ್ಪ ಮೊದಲ ಸಲ ಬಾಯಿ ಬಿಟ್ಟರು. “ಮಗಳು ಏನಾದ್ರೂ ಕೂಗಿದ್ಳಾ ತಾಯಿ? ನೀರು ಗೀರು ಅಂತ?”

“ಇಲ್ಲ. ಗೋಲ್‌ಪೋಸ್ಟಿಗೆ ಸಲಾಂ ಹೊಡೆದ್ಳು.” ಕುಳ್ಳಿ ನೆಲ ನೋಡಿದಳು. “ನಾನು ನಕ್ಕೆ.”

ಅವರು ಎದ್ದು, ಯಾರನ್ನೂ ನೋಡದೆ, ಹೊರಟುಹೋದರು.

“ಹಾಗಾದ್ರೆ ಈ ಹುಡುಗೀನ ತೆಗೆದುಹಾಕೋದೇ ಸರಿ,” ಎಂದರು ಪ್ರಿನ್ಸಿಪಾಲರು, ಬೇಗ ಮುಗಿದರೆ ಸಾಕೆಂಬಂತೆ.

“ಬೇಡ ಸರ್. ಕಳಿಸಿದ್ರೆ ತಪ್ಪಿಸಿಕೊಂಡ ಹಾಗಾಗುತ್ತೆ. ಇರಲಿ ತಂಡದಲ್ಲೇ.”

ಕುಳ್ಳಿಗೆ ಹೋದ ಉಸಿರು ಬಂದಂತಾಯಿತು. ಅದು ಬಂದದ್ದು ಅವಳಿಗೇ ಅಸಹ್ಯವಾಯಿತು. ಆದರೂ ಬಂತು.

ಮರುದಿನ ಮಧ್ಯಾಹ್ನ ಎಲ್ಲರೂ ಸಾಲಾಗಿ ನಿಂತರು.

“ಗೋಲಿಗೆ ಯಾರು ಮೇಡಂ?” ಕೇಳಿದಳು ಕ್ಯಾಪ್ಟನ್.

“ಖಾಲಿ ಮಾಡಿದವಳೇ ತುಂಬಲಿ.” ಮೇಡಂ ಚೀಲದಿಂದ ಒಂದು ಜೊತೆ ಗ್ಲೌಸ್ ತೆಗೆದು ಕುಳ್ಳಿಯ ಕಾಲ ಬಳಿ ಎಸೆದರು.

“ನನ್ನ ಕೈ ಮೇಲಿನ ಕಂಬಿಗೆ ಎಟುಕಲ್ಲ ಮೇಡಂ.”

“ಗೊತ್ತು. ಹಾಕ್ಕೋ. ಇಲ್ಲಾಂದ್ರೆ ಗೇಟು ಆ ಕಡೆ ಇದೆ.”

ಕುಳ್ಳಿ ಗೇಟಿನ ಕಡೆ ನೋಡಿದಳು. ತೆರೆದೇ ಇತ್ತು. ಬಗ್ಗಿ ಗ್ಲೌಸ್ ಎತ್ತಿಕೊಂಡಳು. ಒಳಗೆ ಗೋಡೆಯ ಬೆವರು ಒಣಗಿ ಒರಟಾಗಿತ್ತು. ಒಂದೊಂದರಲ್ಲೂ ಅವಳ ಎರಡು ಕೈ ಹಿಡಿಸುತ್ತಿತ್ತು. ಆ ಉದ್ದದ ಗೋಲಿನ ನಡುವೆ ಅವಳು ಹೋಗಿ ನಿಂತಾಗ, ಬಾಗಿಲಲ್ಲಿ ಮರೆತು ಹೋದ ಪೊರಕೆಯಂತೆ ಕಂಡಳು.

ಕ್ಯಾಪ್ಟನ್ ಚೆಂಡನ್ನು ತೀರ ಹತ್ತಿರ ಇಟ್ಟಳು. “ಜೋರಾಗೇ ಹೊಡೀಲಾ ಮೇಡಂ?”

“ಫೈನಲ್‌ನಲ್ಲಿ ಮೆತ್ತಗೆ ಹೊಡೀತಾರಾ?”

ಮೊದಲ ಚೆಂಡು ನೇರ ಮುಖಕ್ಕೆ ಬಂತು. ಅವಳು ಬಲೆಗೆ ಬಿದ್ದಳು. ಮೂಗಿನಿಂದ ಬಿಸಿಯಾಗಿ ಇಳಿದದ್ದನ್ನು ಗ್ಲೌಸಿನ ಹಿಂಭಾಗದಿಂದ ಒರೆಸಿಕೊಂಡು ಎದ್ದಳು. ಸಾಲಿನಲ್ಲಿ ಯಾರೋ ನಕ್ಕರು. ಯಾರೆಂದು ಮೇಡಂ ಕೇಳಲಿಲ್ಲ. ಎರಡನೆಯವಳು ಆಗಲೇ ಚೆಂಡು ಇಡುತ್ತಿದ್ದಳು, ಅವಳ ಹಿಂದೆ ಮಿಕ್ಕವರೆಲ್ಲ ಒಬ್ಬರ ಹಿಂದೊಬ್ಬರು.

“ಬರಲಿ,” ಎಂದಳು ಕುಳ್ಳಿ.