ಬೂದೆಮ್ಮನ ಕುರಿಗಳ ಹೆಸರು

"ಮೇಡಂ, ಜಾವಾಸ್ಕ್ರಿಪ್ಟ್‌ನಾಗೂ ಇದೇ ಬ್ರಾಕೆಟ್, ಇದೇ ಕಾಮಾ. ಜೇಸನ್‌ನಾಗೂ ಇದೇ. ಮತ್ತ ಎರಡೆರಡು ಯಾಕ ಬೇಕ್ರಿ?"

ಯಶೋದಾ ಹೀಗೆ ಕೇಳಿದಾಗ ಲ್ಯಾಬಿನಲ್ಲಿ ಒಂದಿಬ್ಬರು ನಕ್ಕರು. ರಾಯಚೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಚಂದ್ರಕಲಾ ನಗಲಿಲ್ಲ. ತಾನೂ ಒಂದು ಕಾಲಕ್ಕೆ ಇದನ್ನೇ ಕೇಳಿದ್ದಳು.

"ಜಾವಾಸ್ಕ್ರಿಪ್ಟ್ ಕೆಲಸ ಮಾಡ್ತದ. ಒತ್ತಿದರ ಉತ್ತರ ಕೊಡ್ತದ, ಕೂಡಸ್ತದ, ಕಳೀತದ. ಜೇಸನ್ ಏನೂ ಮಾಡಂಗಿಲ್ಲ. ಮಾಹಿತಿ ಒಂದು ಕಡಿಂದ ಇನ್ನೊಂದು ಕಡಿಗೆ ಒಯ್ಯಾಕ ಅಷ್ಟ. ಬರಿಯೋ ರೀತಿ ಜಾವಾಸ್ಕ್ರಿಪ್ಟ್‌ನಿಂದ ಬಂದದ್ದು, ಅದಕ್ಕ ಮಾರಿ ಒಂದೇ ಥರ ಕಾಣ್ತದ. ನನ್ನ ಹತ್ರ ಒಂದು ಹಳೇ ಜಾವಾಸ್ಕ್ರಿಪ್ಟ್ ಫೈಲ್ ಅದ, ಅದನ್ನೇ ಜೇಸನ್ ಮಾಡಿ ಕೊಡ್ತೀನಿ. ನಿನ್ನ ಆ್ಯಪ್‌ಗೆ ಬರ್ತದ."

ಯಶೋದಾ ಈ ಭಾಗದ ಜನ ದನಕರು, ಕುರಿಗಳಿಗೆ ಇಡುವ ಹೆಸರುಗಳ ಆ್ಯಪ್ ಒಂದನ್ನು ಮಾಡುತ್ತಿದ್ದಳು.

ಆ ಫೈಲು ಹತ್ತೊಂಬತ್ತು ವರ್ಷ ಹಿಂದಿನದು. ಆಗ ಚಂದ್ರಕಲಾ ತನ್ನೂರು ಮಲ್ಲಟದಿಂದ ಮಾನ್ವಿಗೆ ಬಸ್ಸಿನಲ್ಲಿ ಬಂದು ಮತೀನ್ ಸರ್ ಅವರ ಕಂಪ್ಯೂಟರ್ ಸೆಂಟರಿನಲ್ಲಿ ಕಲಿಯುತ್ತಿದ್ದಳು. ಇದ್ದದ್ದು ನಾಲ್ಕೇ ಕಂಪ್ಯೂಟರು. ಕರೆಂಟು ಹೋದರೆ ಎಲ್ಲರೂ ಹೊರಗಿನ ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದರು. ನಿಮ್ಮ ಮನೆಯದೇ ವಿಷಯ ತಗೊಂಡು ಒಂದು ಪುಟ ಮಾಡಿ ಎಂದು ಸರ್ ಹೇಳಿದಾಗ, ಅವಳು ಅಜ್ಜಿ ಬೂದೆಮ್ಮನ ಕುರಿಗಳ ಹೆಸರು ಬರೆದಿದ್ದಳು. ಕೆಂದಿ, ಗಿಡ್ಡಿ, ಚುಕ್ಕಿ, ಮೋಟಕಿವಿ... ಮೂವತ್ತೆರಡು ಹೆಸರು. ಹೆಸರು ಒತ್ತಿದರೆ ಆ ಕುರಿ ಉತ್ತರ ಕೊಡುತ್ತಿತ್ತು.

ಒಂದು ಸಂತೆಯ ದಿನ ಅಜ್ಜಿ ಸೆಂಟರಿಗೇ ಬಂದಳು. ಸರ್ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

"ಬರ್ರಿ ಯವ್ವಾ, ಕೂಡ್ರಿ. ಯಾವ ಕುರಿ ಕರೀತೀರಿ?"

"ಕೆಂದಿನ್ನ ಕರೀರಿ ಯಪ್ಪಾ."

ಚಂದ್ರಕಲಾ ಅಜ್ಜಿಯ ಬೆರಳು ಹಿಡಿದು ಮೌಸ್ ಒತ್ತಿಸಿದಳು. ಪರದೆಯ ನಡುವೆ ಸಣ್ಣ ಪೆಟ್ಟಿಗೆಯೊಂದು ಮೂಡಿತು. ಅಜ್ಜಿಗೆ ಓದಲು ಬರುತ್ತಿರಲಿಲ್ಲ.

"ಏನಂತದ ಬೇ ಅದು?"

"ಕೆಂದಿ 'ಬಂದೆ ಯವ್ವಾ' ಅಂತದ."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ನನ್ನ ಕೆಂದಿ ಇಷ್ಟು ಲಗೂನ ಎಂದಾರ ಬಂದದೇನು!" ಎಂದು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಮೂವತ್ತೆರಡನ್ನೂ ಒಂದೊಂದಾಗಿ ಕರೆದ ಮೇಲೆಯೇ ಎದ್ದದ್ದು.

ಈಗ ಮನೆಯಲ್ಲಿ ಚಂದ್ರಕಲಾ ಆ ಫೈಲನ್ನು ಹಳೆಯ ಇ-ಮೇಲಿನಿಂದ ತೆಗೆದು ತೆರೆದಳು. ಕೆಂದಿ ಇನ್ನೂ ಉತ್ತರ ಕೊಡುತ್ತಿತ್ತು. ಅಜ್ಜಿ ತೀರಿಕೊಂಡು ಆರು ವರ್ಷವಾಗಿತ್ತು.

ಆಮೇಲೆ ಕೆಲಸ ಶುರು ಮಾಡಿದಳು. ಉತ್ತರ ಕೊಡುವ ಸಾಲುಗಳನ್ನು ತೆಗೆದಳು, ಜೇಸನ್ ಅವನ್ನು ಒಪ್ಪುವುದಿಲ್ಲ. ಒಂಟಿ ಉದ್ಧರಣ ಚಿಹ್ನೆಗಳನ್ನೆಲ್ಲ ಜೋಡಿ ಮಾಡಿದಳು, ಅದಕ್ಕೆ ಜೋಡಿಯೇ ಬೇಕು. ಉಳಿದದ್ದು ಟಿಪ್ಪಣಿಗಳು. ಜಾವಾಸ್ಕ್ರಿಪ್ಟ್‌ನಲ್ಲಿ ಎರಡು ಓರೆಗೆರೆ ಹಾಕಿ ಏನು ಬರೆದರೂ ಕಂಪ್ಯೂಟರ್ ಅದನ್ನು ಓದದೆ ಮುಂದೆ ಹೋಗುತ್ತದೆ. ಜೇಸನ್‌ನಲ್ಲಿ ಅದಕ್ಕೂ ಅವಕಾಶವಿಲ್ಲ. ಒಂದೊಂದನ್ನೇ ಅಳಿಸುತ್ತ ಬಂದವಳು ಕೆಂದಿಯ ಹೆಸರಿದ್ದ ಸಾಲಿನಲ್ಲಿ ತಡೆದಳು. ಇಂಗ್ಲಿಷ್ ಅಕ್ಷರದಲ್ಲಿ ಯಾರೋ, ಮತೀನ್ ಸರ್ ಅವರೇ ಇರಬೇಕು, ಕನ್ನಡ ಬರೆದಿದ್ದರು: ಅಜ್ಜಿ ಇಲ್ಲಿ ನಕ್ಕರು. ಈ ಸಾಲು ಯಾರೂ ತೆಗೀಬ್ಯಾಡ್ರಿ.

ಇಷ್ಟು ವರ್ಷ ಅವಳು ಅದನ್ನು ನೋಡಿಯೇ ಇರಲಿಲ್ಲ. ಅಳಿಸಲು ಕೈ ಬರಲಿಲ್ಲ.

ಭಾನುವಾರ ಲ್ಯಾಪ್‌ಟಾಪ್ ಹಿಡಿದು ದೇವದುರ್ಗಕ್ಕೆ ಹೋದಳು. ಮಾನ್ವಿಯ ಸೆಂಟರ್ ಮುಚ್ಚಿದ ಮೇಲೆ ಸರ್ ಅಲ್ಲೇ ಹೆಂಡತಿ ಲತೀಫಾ ಜೊತೆ ಇದ್ದರು. ಕಣ್ಣು ಮಂಜಾಗಿತ್ತು, ಆದರೆ ದನಿ ಕೇಳುತ್ತಲೇ ಗುರುತು ಹಿಡಿದರು. ಅವಳು ಆ ಸಾಲನ್ನು ಓದಿ ಹೇಳಿದಳು.

"ನಾನ ಬರದದ್ದು," ಎಂದರು ಸರ್ ಮೆಲ್ಲಗೆ. "ಹುಡುಗೂರು ಪುಟ ಮಾಡ್ತಿದ್ರು, ಹೋಗ್ತಿದ್ರು. ಆವತ್ತ ಮೊದಲ ಸಲ ಒಬ್ಬರು ನೋಡಿ ಖುಷಿಪಟ್ರು ಅಂತ ಅನಿಸ್ತು."

"ಜೇಸನ್‌ನಾಗ ಇದಕ್ಕ ಜಾಗ ಇಲ್ರಿ ಸರ್."

"ಟಿಪ್ಪಣಿಗೆ ಇಲ್ಲ. ಮಾಹಿತಿಗೆ ಅದ ಅಲ್ಲೇನವ್ವಾ? ಅಜ್ಜಿ ನಕ್ಕದ್ದೂ ಮಾಹಿತೀನ. ಅದಕ್ಕೊಂದು ಹೆಸರು ಕೊಡು, ಒಳಗ ಇಡು."

ಚಂದ್ರಕಲಾ ಕೆಂದಿಯ ಹೆಸರಿನ ಕೆಳಗೆ ಎರಡು ಸಾಲು ಸೇರಿಸಿದಳು. "ಹೇಳಿದವರು", ಎದುರಿಗೆ ಬೂದೆಮ್ಮ, ಮಲ್ಲಟ. "ನೆನಪು", ಎದುರಿಗೆ ಸರ್ ಬರೆದ ಮಾತು. ಓರೆಗೆರೆಯ ಟಿಪ್ಪಣಿಯನ್ನು ಈಗ ಅಳಿಸಿದಳು, ಫೈಲು ತಪ್ಪಿಲ್ಲದೆ ತೆರೆಯಿತು.

ಚಹಾ ತಂದ ಲತೀಫಾ ಬಗ್ಗಿ ನೋಡಿದರು. "ಆವತ್ತ ಚಾ ನಾನೇ ಕಳ್ಸಿದ್ದೆ. ನಿಮ್ಮಜ್ಜಿ ಎರಡು ಕಪ್ ಕುಡದ್ರು. ಅದನ್ನೂ ಬರಿ."

ಅದನ್ನೂ ಬರೆದು, ಅಲ್ಲಿಂದಲೇ ಯಶೋದಾಳಿಗೆ ಕಳಿಸಿದಳು. ಬಸ್ ಹತ್ತುವಷ್ಟರಲ್ಲಿ ಅವಳ ಫೋನ್ ಬಂತು.

"ಮೇಡಂ, ಆ್ಯಪ್ ಎಲ್ಲಾ ಓದ್ತು. ನಮ್ಮವ್ವನ ಎಮ್ಮಿ ಹೆಸರೂ ಸೇರಸ್ಲೇನ್ರಿ?"

"ಸೇರಸು," ಎಂದಳು ಚಂದ್ರಕಲಾ, ಕಿಟಕಿಯ ಪಕ್ಕ ಕೂಡುತ್ತ. "ನಿಮ್ಮವ್ವನ್ನ ಕೇಳಿ ಬರಿ. ಆಕಿ ಏನೇನು ಹೇಳ್ತಾಳ, ಎಲ್ಲಾ."