ಮೀನಂಗಡಿಯ ಮಡಿ

ನಮ್ಮ ಬೀದಿಯಲ್ಲಿದ್ದ ಚಾಪೆಲ್ ಎಂಬ ಪುಟ್ಟ ಚರ್ಚನ್ನು ಮಾರಿ, ರಜೆಗೆ ಬರುವವರಿಗೆಂದು ನಾಲ್ಕು ಫ್ಲಾಟುಗಳನ್ನಾಗಿ ಮಾಡಿದ ಮೇಲೆ ನನ್ನ ಹೆಂಡತಿ ನೊರೀನಳಿಗೆ ಭಾನುವಾರ ಎಲ್ಲಿಗೆ ಹೋಗಬೇಕೆಂದು ತಿಳಿಯದಾಯಿತು. ನನಗೇನೂ ತೊಂದರೆಯಾಗಲಿಲ್ಲ, ನಾನು ಮೊದಲಿನಿಂದಲೂ ಭಾನುವಾರ ಮಲಗುವವನು. ಅವಳು ಹಾಗಲ್ಲ. ಮೊದಲು ಕ್ವೇಕರ್ ಪಂಥದವರ ಪ್ರಾರ್ಥನಾ ಸಭೆಗೆ ಹೋದಳು. ಅಲ್ಲಿ ಒಂದು ಗಂಟೆ ಯಾರೂ ಬಾಯಿ ಬಿಡಲಿಲ್ಲವಂತೆ. ಮನೆಗೆ ಬಂದು ಎರಡು ಗಂಟೆ ಮಾತಾಡಿ ಸರಿದೂಗಿಸಿಕೊಂಡಳು. ಬೌದ್ಧರ ಧ್ಯಾನಕ್ಕೆ ಹೋದಳು, ಮಂಡಿ ಒಪ್ಪಲಿಲ್ಲ. ಸತ್ತವರನ್ನು ಕರೆದು ಮಾತಾಡಿಸುವ ಹೆಂಗಸೊಬ್ಬಳ ಹತ್ತಿರವೂ ಹೋಗಿಬಂದಳು. ಅಲ್ಲಿ ನಮ್ಮಮ್ಮ ಪ್ರತ್ಯಕ್ಷಳಾಗಿ, ನಮ್ಮ ಅಂಗಡಿಯಲ್ಲಿ ಮೀನು ಅದ್ದಿ ಕರಿಯುವ ಹಿಟ್ಟು ತೀರಾ ನೀರಾಗುತ್ತಿದೆ ಎಂದು ದೂರಿದಳಂತೆ.

"ಬದುಕಿದ್ದಾಗ್ಲೂ ಅದನ್ನೇ ಹೇಳ್ತಿದ್ರು. ಅದನ್ನ ಕೇಳೋಕೆ ಅಲ್ಲಿ ತನಕ ಹೋಗ್ಬೇಕಾ?" ಎಂದು ನೊರೀನ್ ಅದನ್ನೂ ಬಿಟ್ಟಳು.

ಆಮೇಲೆ ಬಂದದ್ದು ಈಜಿಪ್ಟು. ಮಹಿಳಾ ಸಂಘದವರು ರೋಸಲಿಂಡ್ ಎಂಬವರನ್ನು ಭಾಷಣಕ್ಕೆ ಕರೆಸಿದ್ದರು. ಲೀಡ್ಸಿನ ಶಾಲೆಯೊಂದರಲ್ಲಿ ಲ್ಯಾಟಿನ್ ಪಾಠ ಹೇಳಿ ನಿವೃತ್ತರಾದವರು. ಇಪ್ಪತ್ತು ವರ್ಷದಿಂದ ಹಳೆಯ ಈಜಿಪ್ಟಿನ ದೇವರುಗಳನ್ನು ಪೂಜಿಸುತ್ತಿದ್ದರು. ಭಾಷಣ ಕೇಳಿ ಬಂದವಳ ಮುಖ ನೋಡಿದಾಗಲೇ ನನಗೆ ಅನುಮಾನ ಬಂತು.

"ಏನು ಮಾಡ್ತಾರಂತೆ ಅವರ ಪೂಜೇಲಿ?" ಎಂದೆ.

"ದಿನಾ ಬೆಳಿಗ್ಗೆ ದೇವರನ್ನ ಎಬ್ಬಿಸ್ಬೇಕು. ನಾಲ್ಕು ಒಳ್ಳೆ ಮಾತಾಡಿ, ನೀರು ಕೊಟ್ಟು, ಊಟಕ್ಕಿಡ್ಬೇಕು."

"ಮೂವತ್ತೊಂದು ವರ್ಷದಿಂದ ನನಗೆ ಅದನ್ನೇ ಮಾಡ್ತಾ ಇದೀಯಲ್ಲೇ."

"ಅದಕ್ಕೇ ಅಭ್ಯಾಸ ಇದೆ. ಈ ಸಲ ಉಪಕಾರ ನೆನೆಯೋರಿಗೆ ಮಾಡಿ ನೋಡೋಣ ಅಂತ."

ನಮ್ಮ ಅಂಗಡಿಗೆ ಸೋಮವಾರ ರಜೆ. ಪ್ರತಿ ಸೋಮವಾರ ಅವಳು ಕಡಲ ತೀರದ ನಮ್ಮೂರು ಫೈಲಿಯಿಂದ ರೈಲು ಹತ್ತಿ ಲೀಡ್ಸಿಗೆ ಹೋಗತೊಡಗಿದಳು. ರೋಸಲಿಂಡ್ ಅವರ ಮನೆಯಲ್ಲಿ ಏಳು ಜನ ಸೇರುತ್ತಿದ್ದರು. ಒಂದು ದಿನ ಅವರು ಕವಡೆ ಹಾಕಿ ನೋಡಿ, ನೊರೀನ್ ಸೆಖ್ಮೆತಳ ಮಗಳು ಎಂದು ಹೇಳಿದರಂತೆ. ಸೆಖ್ಮೆತ್ ಎಂದರೆ ಸಿಂಹದ ಮುಖದ ದೇವತೆ, ಸಿಟ್ಟು ಬಂದರೆ ರಕ್ತ ಕುಡಿಯುವವಳು. ನನ್ನ ಹೆಂಡತಿಯೋ, ಬಾಗಿಲಿಗೆ ಅಡ್ಡ ಮಲಗಿದ ಬೆಕ್ಕಿಗೂ "ಸ್ವಲ್ಪ ದಾರಿ ಬಿಡ್ತೀಯಾಪ್ಪ" ಎನ್ನುವವಳು. ನಾನು ಎರಡು ವಾರ ಅವಳು ಅಡಿಗೆಮನೆಗೆ ಬಂದಾಗಲೆಲ್ಲ ಮೇಜಿನ ಕೆಳಗೆ ಅವಿತುಕೊಳ್ಳುವಂತೆ ನಟಿಸಿದೆ. ಅವಳೂ ನಕ್ಕಳು, ಆದರೆ ಆ ದೇವತೆಯ ಚಿತ್ರವನ್ನು ಮಾತ್ರ ಗೋಡೆಗೆ ಹಾಕಲಿಲ್ಲ.

ಆಗಸ್ಟ್ ಮೊದಲ ವಾರ ಅವರ ಹೊಸ ವರ್ಷ. ಅದಕ್ಕೆ ಮಡಿಯಲ್ಲಿರಬೇಕು. ಮಡಿ ಎಂದರೆ ಉಣ್ಣೆ ಉಡುವಂತಿಲ್ಲ, ಉಪ್ಪು ಸೋಡಾ ಬೆರೆಸಿದ ನೀರಲ್ಲಿ ಮಿಂದು ಅದರಲ್ಲೇ ಬಾಯಿ ಮುಕ್ಕಳಿಸಬೇಕು, ಮತ್ತು ಮೂರು ದಿನ ಮೀನು ಮುಟ್ಟುವಂತಿಲ್ಲ.

"ಆಗಸ್ಟಲ್ಲಿ ಮೂರು ದಿನ!" ಎಂದು ಕೂಗಿದೆ. "ಗಿರಾಕಿಗಳ ಸಾಲು ಸಮುದ್ರದ ತನಕ ನಿಂತಿರುತ್ತೆ ಕಣೇ. ಹೊಸ ವರ್ಷಾನ ಫೆಬ್ರವರಿಗೆ ಇಟ್ಕೊಳ್ಳೋಕೆ ಹೇಳು ನಿನ್ನ ದೇವರುಗಳಿಗೆ."

"ಅವರದ್ದು ಸಾವಿರಾರು ವರ್ಷದಿಂದ ನಡೀತಾ ಇದೆ, ಡೆಸ್. ನಮ್ಮಂಗಡಿ ಶುರುವಾಗಿದ್ದು ತೊಂಬತ್ಮೂರರಲ್ಲಿ."

ನಾನು ಫೋನ್ ಎತ್ತಿದೆ. ನನ್ನ ಅಕ್ಕ ಬಂದು ಕೌಂಟರಿಗೆ ನಿಂತಳು. ನೊರೀನ್ ಮೂರು ದಿನ ಮಹಡಿ ಇಳಿಯಲಿಲ್ಲ. ಸೋಡಾ ನೀರಲ್ಲಿ ಮಿಂದು ಮಿಂದು ಕೈ ಸುಕ್ಕು ಮಾಡಿಕೊಂಡಳು. ಆದರೆ ನಮ್ಮ ಮನೆ ಇರುವುದು ಅಂಗಡಿಯ ಮೇಲೆ. ಕರಿದ ಹ್ಯಾಡಕ್ ಮೀನಿನ ವಾಸನೆ ಹಲಗೆಯ ಸಂದಿನಿಂದ ಹತ್ತಿ ಬಂದು ಪರದೆಯಲ್ಲಿ, ದಿಂಬಿನಲ್ಲಿ, ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಮೂವತ್ತು ವರ್ಷದಿಂದ ಸಂಸಾರ ಹೂಡಿದೆ.

ಹಬ್ಬ ಮುಗಿಸಿ ಬಂದವಳು "ಚೆನ್ನಾಗಿತ್ತು" ಎಂದಷ್ಟೇ ಹೇಳಿ ಮಲಗಿದಳು. ನೊರೀನ್ ಒಂದೇ ಮಾತಲ್ಲಿ ಮುಗಿಸಿದಳೆಂದರೆ ಏನೋ ಆಗಿದೆ ಎಂದು ನನಗೆ ಹೊಳೆಯಬೇಕಿತ್ತು. ಎರಡು ದಿನ ಬಿಟ್ಟು, ಬಟಾಣಿ ನೆನೆಹಾಕುತ್ತಾ, ನನ್ನ ಕಡೆ ನೋಡದೆ ಹೇಳಿದಳು: "ನನ್ನನ್ನ ಒಳಗೆ ಬಿಡ್ಲಿಲ್ಲ ಕಣೋ."

"ಯಾಕೆ?"

"ಮೀನಿನ ವಾಸನೆ ಇನ್ನೂ ಇದೆಯಂತೆ. ನಿಯಮ ಅಂದ್ರೆ ನಿಯಮ ಅಂದ್ರು. ಹಿಂದಿನ ಗಾಜಿನ ಕೋಣೇಲಿ ಕೂರಿಸಿದ್ರು, ನಾಯಿ ಜೊತೆ. ಅಲ್ಲಿಂದ ಪೂಜೆ ಕಾಣ್ತಿತ್ತು, ಕೇಳಿಸ್ತಿರಲಿಲ್ಲ."

"ನಾಯಿ ಜೊತೇನಾ?"

"ನಾಯಿ ಒಳ್ಳೇದು. ಇಡೀ ಹೊತ್ತು ನನ್ನ ಕೈ ನೆಕ್ತಾ ಇತ್ತು."

ನನಗೆ ನಗು ಬಂತು. ಅಷ್ಟರಲ್ಲಿ ಅವಳು ಮುಖ ಎತ್ತಿದಳು, ನಾನು ನಗು ನುಂಗಿ ಬಟಾಣಿಯ ಪಾತ್ರೆ ಎತ್ತಿಕೊಂಡೆ.

ಅವಳನ್ನು ನನ್ನಷ್ಟು ಆಡಿಕೊಂಡವರು ಇಡೀ ಯಾರ್ಕ್‌ಷೈರಿನಲ್ಲಿ ಯಾರೂ ಇರಲಿಲ್ಲ, ಒಪ್ಪುತ್ತೇನೆ. ಆದರೆ ಅದು ನನ್ನ ಹಕ್ಕು. ಲೀಡ್ಸಿನವರಿಗೆ ಅದನ್ನು ಕೊಟ್ಟವರಾರು? ಮರುದಿನ ಬೆಳಿಗ್ಗೆ, ಶಾಲೆ ಬಿಟ್ಟ ಮೇಲೆ ಮೊದಲ ಸಲ, ಲೈಬ್ರರಿಯ ಮೆಟ್ಟಿಲು ಹತ್ತಿದೆ. ಅಲ್ಲಿ ಕೂತಿದ್ದ ಮರ್ಟಲ್ ಪ್ರತಿ ಶುಕ್ರವಾರ ನಮ್ಮಲ್ಲಿ ಹ್ಯಾಡಕ್ ಕೊಳ್ಳುವವಳು.

"ಟಾಯ್ಲೆಟ್ ಎಡಗಡೆ, ಡೆಸ್," ಎಂದಳು.

"ಪುಸ್ತಕ ಬೇಕು."

ಅವಳು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. "ಎಂಥದ್ದು?"

"ದೇವರದ್ದು. ಈಜಿಪ್ಟಿನ ದೇವರದ್ದು. ಆದ್ರೆ ಮೀನಿರೋದು."

ಮರ್ಟಲ್ ಜಾಣೆ, ಮಧ್ಯಾಹ್ನದೊಳಗೆ ಹುಡುಕಿಕೊಟ್ಟಳು. ಹಾತ್‌ಮೆಹಿತ್ ಎಂಬ ದೇವತೆ. ನೈಲ್ ನದಿ ಸಮುದ್ರ ಸೇರುವ ಸೀಮೆಯವಳು. ನೆಟ್ಟಗೆ ನಿಂತಿದ್ದಾಳೆ, ತಲೆಯ ಮೇಲೆ ಕಿರೀಟದ ಜಾಗದಲ್ಲಿ ಒಂದು ಇಡೀ ಮೀನು! ಆ ಪುಟದ ನಕಲು ಮಾಡಿಸಿಕೊಂಡು ಮನೆಗೆ ಓಡಿದೆ.

ನೊರೀನ್ ಅದನ್ನು ಬಹಳ ಹೊತ್ತು ನೋಡಿದಳು. "ಲಕ್ಷಣವಾಗಿದ್ದಾಳೆ. ಆದ್ರೆ ಇವಳು ನನ್ನವಳಲ್ಲ."

"ಹೇಗೆ ಅಲ್ಲ? ಮೂವತ್ತೊಂದು ವರ್ಷದಿಂದ ನೀನೂ ಮೀನನ್ನ ತಲೆ ಮೇಲೆ ಹೊತ್ಕೊಂಡೇ ನಿಂತಿದೀಯ!"

"ಅದಕ್ಕೇ ಕಣೋ. ದೇವರ ಹತ್ರ ಹೋದಾಗಲಾದ್ರೂ ಅಂಗಡಿ ಬೇಡ."

"ಮತ್ತೆ ಆ ಸಿಂಹದವಳಾ?"

"ಅವಳೂ ಅಲ್ಲ."

"ಇನ್ಯಾರು?"

ಅವಳ ಕಿವಿ ಕೆಂಪಾಯಿತು. "ಕೇಳ್ಬೇಡ," ಎಂದು ಎದ್ದು ಹೋದಳು.

ಮುಂದಿನ ಸೋಮವಾರ ರೈಲು ಬೇಡವೆಂದು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಜೇಬಿನಲ್ಲಿ ಆ ಹಾಳೆ, ಬಾಯಲ್ಲಿ ಎಪ್ಪತ್ತು ಮೈಲಿ ಉರುಹೊಡೆದ ಭಾಷಣ. ರೋಸಲಿಂಡ್ ಬಾಗಿಲು ತೆರೆದರು: ಎತ್ತರದ ಹೆಂಗಸು, ಬಿಳಿಯ ನಿಲುವಂಗಿ. ಅವರ ಹಿಂದೆ ನಾಯಿ ನನ್ನನ್ನು ಕಂಡು ಹಳೆಯ ನೆಂಟ ಬಂದಂತೆ ಕುಣಿಯತೊಡಗಿತು.

"ಮೇಡಂ, ಇವರು ಯಾರು ಹೇಳಿ," ಎಂದು ಹಾಳೆಯನ್ನು ಅವರ ಮೂಗಿನ ಮುಂದೆ ಹಿಡಿದೆ.

"ಹಾತ್‌ಮೆಹಿತ್," ಎಂದರು, ತಡವರಿಸದೆ.

"ಗೊತ್ತಾ ನಿಮಗೆ?"

"ಗೊತ್ತು."

"ಗೊತ್ತಿದ್ದೂ ನನ್ನ ಹೆಂಡ್ತೀನ ನಾಯಿ ಜೊತೆ ಕೂರಿಸಿದ್ರಾ?"

"ಡೆಸ್, ಸುಮ್ನಿರು," ಎಂದು ನೊರೀನ್ ನನ್ನ ತೋಳು ಜಗ್ಗಿದಳು. ರೋಸಲಿಂಡ್ ಮೆಟ್ಟಿಲ ಮೇಲೆ ಹಾಗೇ ಕುಸಿದು ಕೂತರು. ಕೂತ ಮೇಲೆ ಅಷ್ಟೇನೂ ಎತ್ತರ ಕಾಣಲಿಲ್ಲ.

"ಮಿಸ್ಟರ್ ಥ್ಯಾಕ್ರೇ, ನಿಜ ಹೇಳ್ಬಿಡ್ತೀನಿ. ಪುರೋಹಿತರು ಮೀನು ತಿನ್ನಬಾರದು ಅನ್ನೋದು ಇತ್ತು. ಬಾಗಿಲಾಚೆ ಕೂರಿಸಬೇಕು ಅಂತ ಎಲ್ಲೂ ಇಲ್ಲ. ನನಗೆ... ನನಗೆ ಆ ವಾಸನೆ ಆಗಲ್ಲ. ಚಿಕ್ಕಂದಿನಿಂದ್ಲೂ ಹೊಟ್ಟೆ ತೊಳೆಸುತ್ತೆ. ಹಾಗಂತ ಹೇಗೆ ಹೇಳೋದು? ನಿಯಮ ಅಂದ್ರೆ ಮರ್ಯಾದೆಯಾಗಿರುತ್ತೆ ಅನ್ಕೊಂಡೆ."

ಜಗಳಕ್ಕೆ ಸೊಂಟ ಕಟ್ಟಿಕೊಂಡು ಬಂದವನ ಮುಂದೆ ಎದುರಾಳಿಯೇ ಕೂತುಬಿಟ್ಟರೆ ಏನು ಮಾಡುವುದು? ಎಪ್ಪತ್ತು ಮೈಲಿಯ ಭಾಷಣ ಹಾಗೇ ಉಳಿಯಿತು. ಆದರೆ ನೊರೀನಳ ಮುಖ ಅರಳಿದ್ದು ಕಂಡು ನಾನು ಬೆರಗಾದೆ.

"ಅಯ್ಯೋ, ಇಷ್ಟೇನಾ?" ಎಂದು ಅವರ ಪಕ್ಕ ಕೂತಳು. ಆಮೇಲೆ ನೆನಪಾಗಿ ಒಂದು ಮೆಟ್ಟಿಲು ಕೆಳಗೆ ಸರಿದಳು. "ಒಂದು ವಾರದಿಂದ ನಿದ್ದೆ ಇಲ್ಲ ರೋಸಲಿಂಡ್. ದೇವರಿಗೇ ನಾನು ಆಗಲ್ವೇನೋ ಅಂತ ಅಂದ್ಕೊಂಡಿದ್ದೆ. ನಿಮಗೆ ಆಗಲ್ಲ ಅಂದ್ರೆ ಅದೇನು ಮಹಾ! ನನಗೂ ಬೇಕಾದಷ್ಟು ಜನ ಆಗಲ್ಲ."

ಕಿಟಕಿ ತೆರೆದಿಡುತ್ತೇನೆ, ಒಳಗೆ ಬನ್ನಿ ಎಂದು ರೋಸಲಿಂಡ್ ಎಷ್ಟೋ ಕರೆದರು. ಇವಳು ಹೋಗಲಿಲ್ಲ. "ಬೆಳಗಿನ ಪೂಜೆಯ ಮಾತು ಬರ್ಕೊಡಿ, ಸಾಕು. ಉಳಿದದ್ದು ಮನೇಲೇ ನೋಡ್ಕೋತೀನಿ," ಎಂದಳು. ಇಬ್ಬರೂ ಹಿತ್ತಲಲ್ಲಿ, ಗಾಳಿ ಬೀಸುವ ದಿಕ್ಕು ನೋಡಿಕೊಂಡು ಕೂತು, ಒಂದು ಗಂಟೆ ಬರೆದರು. ನಾನು ನಾಯಿಯ ಜೊತೆ ಗಾಜಿನ ಕೋಣೆಯಲ್ಲಿ ಚಹಾ ಕುಡಿದೆ. ನಾಯಿ ನಿಜಕ್ಕೂ ಒಳ್ಳೆಯದು.

ವಾಪಸು ಬರುವಾಗ ನೊರೀನ್ ಕೈಚೀಲದಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದಳು. ಹೆಬ್ಬೆರಳಿನಷ್ಟು ದೊಡ್ಡ ಮಣ್ಣಿನ ಬೊಂಬೆ. "ನಗ್ಬಾರ್ದು. ಇವನು ನನ್ನವನು."

ಗಿಡ್ಡ. ಡೊಳ್ಳು ಹೊಟ್ಟೆ, ಬಾಗಿದ ಕಾಲು, ಕೆದರಿದ ಗಡ್ಡ, ಹೊರಗೆ ಚಾಚಿದ ನಾಲಿಗೆ. ನಾನು ಕಾರನ್ನು ರಸ್ತೆಯಂಚಿಗೆ ನಿಲ್ಲಿಸಿ, ಬೊಂಬೆಯನ್ನೊಮ್ಮೆ, ಕನ್ನಡಿಯಲ್ಲಿ ನನ್ನ ಗಡ್ಡವನ್ನೊಮ್ಮೆ ನೋಡಿದೆ.

"ಯಾರನ್ನೋ ನೋಡಿದ ಹಾಗಿದೆಯಲ್ಲ," ಎಂದೆ.

"ಅದಕ್ಕೇ ಹೇಳಿರಲಿಲ್ಲ."

"ಹೆಸರು?"

ಅವಳು ಕಿಟಕಿಯಾಚೆ ನೋಡಿದಳು. "ಬೆಸ್."

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಕಣ್ಣೊರೆಸಿಕೊಂಡು ಅವಳು ಹೇಳಿದಳು: "ಅಲ್ಲಿ ಎಲ್ಲರಿಗೂ ಕಣ್ಮುಚ್ಚಿದ್ರೆ ಗಿಡುಗ ಕಾಣೋದು, ಸಿಂಹ ಕಾಣೋದು. ನನಗೆ ಮೊದಲ್ನೇ ದಿನದಿಂದ ಇವನೇ ಬಂದು ಕೂರೋನು. ನಾಚ್ಕೆ ಆಗ್ತಿತ್ತು. ಇವನು ಮನೆಗಳ ದೇವರು ಕಣೋ. ಮಂಚಕ್ಕೆ, ದಿಂಬಿಗೆ ಕೆತ್ತಿಸ್ಕೊಳ್ತಿದ್ರಂತೆ. ಮಲಗಿರೋರ ಹತ್ರ ಕೆಟ್ಟದ್ದು ಬಂದ್ರೆ ಕುಣಿದು, ಅಣಕಿಸಿ ಓಡಿಸ್ತಾನೆ. ನನಗೆ ಭಯ ಜಾಸ್ತಿ. ಸಿಂಹ ಬೇಕಿಲ್ಲ ನನಗೆ, ನಗಿಸೋರು ಬೇಕು."

ಬೊಂಬೆಯನ್ನು ಕರವಸ್ತ್ರದಲ್ಲಿ ಸುತ್ತಿ ಅವಳ ಕೈಗಿಟ್ಟೆ. ಕಾರು ಹೊರಡಿಸಿದೆ.

ಈಗ ನಮ್ಮ ಹಿಂದಿನ ಕೋಣೆಯಲ್ಲಿ, ಸಮುದ್ರದ ಕಡೆಯ ಕಿಟಕಿಯ ಕೆಳಗೆ, ಬೆಸ್ ಕೂತಿದ್ದಾನೆ. ಅವಳು ಬೆಳಿಗ್ಗೆ ಎದ್ದು ಅವನಿಗೆ ನೀರು, ಬ್ರೆಡ್ಡು ಇಟ್ಟು, ಬರೆದುಕೊಂಡ ಮಾತುಗಳನ್ನು ಹೇಳುತ್ತಾಳೆ. ಅವು ಮುಗಿದ ಮೇಲೆ ತನ್ನದೂ ನಾಲ್ಕು ಸೇರಿಸುತ್ತಾಳೆ, ಹೆಚ್ಚಾಗಿ ನನ್ನ ಬಗ್ಗೆ ದೂರು. ಅಕ್ಟೋಬರಿನ ಒಂದು ಸೋಮವಾರ ನಾನು ಚಹಾ ತಂದು ಬಾಗಿಲಲ್ಲಿ ನಿಂತಿದ್ದೆ.

"ಇವತ್ತು ಹಿರಿಯರಿಗೆ ಎಡೆ ಇಡ್ತಿದೀನಿ," ಎಂದಳು. "ನಿನ್ನ ಕಡೆಯೋರು ಯಾರಾದ್ರೂ ಇದ್ರೆ ಹೆಸರು ಹೇಳು. ಬಾಯಿಬಿಟ್ಟು ಹೇಳ್ಬೇಕು."

ನನಗೊಬ್ಬ ಅಣ್ಣನಿದ್ದ. ಎಂಬತ್ಮೂರರ ಫೆಬ್ರವರಿಯಲ್ಲಿ ಅವನಿದ್ದ ಮೀನುಗಾರಿಕೆಯ ಟ್ರಾಲರ್ ಹಡಗು ಸಮುದ್ರದಿಂದ ವಾಪಸು ಬರಲಿಲ್ಲ. ಅಮ್ಮನ ಎದುರು ಅವನ ಹೆಸರೆತ್ತುವಂತಿರಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ನೊರೀನ್ ಅವನ ಫೋಟೋ ನೋಡಿದ್ದಳೇ ಹೊರತು ನನ್ನ ಬಾಯಿಂದ ಏನೂ ಕೇಳಿರಲಿಲ್ಲ.

"ನೆವಿಲ್," ಎಂದೆ. ಧ್ವನಿ ನನ್ನದಲ್ಲವೆನ್ನಿಸಿತು.

ಅವಳು ತಿರುಗಿ ನೋಡಲಿಲ್ಲ. "ಏನು ಇಷ್ಟ ಅವನಿಗೆ?"

"ವಿನೆಗರಲ್ಲಿ ಹಾಕಿದ ಮೊಟ್ಟೆ."

"ಕೆಳಗೆ ಜಾಡಿ ತುಂಬ ಇದೆಯಲ್ಲ. ಹೋಗಿ ತಗೊಂಬಾ."

"ದೇವರ ಮುಂದೆ ಅದೆಲ್ಲ ನಡೆಯುತ್ತೇನೇ?"

"ಈ ದೇವರಿಗೆ ಎಲ್ಲ ನಡೆಯುತ್ತೆ."

ತಂದುಕೊಟ್ಟೆ. ಅವಳು ಅದನ್ನು ಒಳ್ಳೆಯ ತಟ್ಟೆಯಲ್ಲಿಟ್ಟು, ನೀರು ಚಿಮುಕಿಸಿ, ನೆವಿಲನ ಹೆಸರು ಸೇರಿಸಿ ಮಾತು ಹೇಳಿದಳು. ಆಮೇಲೆ ತಟ್ಟೆಯನ್ನು ನನ್ನ ಕಡೆ ಚಾಚಿದಳು. ಇಟ್ಟದ್ದನ್ನು ಬಿಸಾಡಬಾರದು, ಮನೆಯವರು ತಿನ್ನಬೇಕು. ನಾನು ಮಂಚದ ಅಂಚಿನಲ್ಲಿ ಕೂತು ತಿಂದೆ.

"ವಿನೆಗರ್ ಜಾಸ್ತಿ ಆಯ್ತೇನೋ, ನಿನ್ನ ಕಣ್ಣಲ್ಲಿ ನೀರು ಬರ್ತಿದೆ," ಎಂದಳು.

"ಹೂಂ. ಜಾಸ್ತಿ ಆಗಿದೆ."

"ಹಾಕಿದೋನು ನೀನೇ," ಎಂದು ನನ್ನ ಪಕ್ಕದಲ್ಲಿ ಬಂದು ಕೂತಳು. "ಎಷ್ಟು ವಯಸ್ಸಾಗಿತ್ತು ಅವನಿಗೆ?"

"ಇಪ್ಪತ್ನಾಲ್ಕು," ಎಂದೆ. ಆಮೇಲೆ ಹೇಳುತ್ತಾ ಹೋದೆ. ತಂದಿಟ್ಟ ಚಹಾ ಆರಿಹೋಯಿತು.